ಹೈ-ಫೈಗೆ ಹೆಡ್‌ಫೋನ್ ಆಂಪ್ಲಿಫೈಯರ್ ಜೋಡಿಸುವಾಗ

ಹೆಡ್‌ಫೋನ್ ಆಂಪ್ಲಿಫೈಯರಿಗೆ ಸಿಗ್ನಲ್ ಎಲ್ಲಿಂದ ಕೊಡಬೇಕು ಎಂಬುದು ಮೊದಲು ತೀರ್ಮಾನವಾಗಬೇಕು. ಇಂಟಿಗ್ರೇಟೆಡ್ ಆಂಪ್ಲಿಫೈಯರಿನ ಹಿಂಬದಿಯಲ್ಲಿ ‘ಟೇಪ್ ಔಟ್’ ಅಥವಾ ‘ರೆಕ್ ಔಟ್’ ಎಂಬ ಜೋಡಿ ಆರ್‌ಸಿಎ ಸಾಕೆಟ್ ಇದ್ದರೆ ಅದೇ ಸರಿಯಾದ ಜಾಗ. ವಾಲ್ಯೂಮ್ ಗುಂಡಿಗಿಂತ ಮೊದಲೇ ಅಲ್ಲಿಂದ ಸಿಗ್ನಲ್ ಹೊರಬರುವುದರಿಂದ, ಸ್ಪೀಕರಿನ ಸದ್ದನ್ನು ಪೂರ್ತಿ ತಗ್ಗಿಸಿದರೂ ಹೆಡ್‌ಫೋನಿನಲ್ಲಿ ಹಾಡು ಕೇಳುತ್ತದೆ. ರೇಡಿಯೊ, ಸಿಡಿ, ರೆಕಾರ್ಡ್ ಪ್ಲೇಯರ್ ಯಾವುದನ್ನು ಆರಿಸಿದರೂ ಅದೇ ತಂತಿ ಸಾಕು. ‘ಪ್ರೀ ಔಟ್’ನಿಂದಲೂ ಕೊಡಬಹುದು, ಆಗ ಎರಡೆರಡು ವಾಲ್ಯೂಮ್ ಗುಂಡಿ ಸಂಭಾಳಿಸಬೇಕು. ಸ್ಪೀಕರ್ ಟರ್ಮಿನಲ್‌ಗಳಿಂದ ಮಾತ್ರ ನೇರವಾಗಿ ಕೊಡಕೂಡದು, ಉಪಕರಣ ಸುಟ್ಟೀತು.

ಮುಂಬದಿಯಲ್ಲೇ ಹೆಡ್‌ಫೋನ್ ಸಾಕೆಟ್ ಇರುವಾಗ ಇದೆಲ್ಲ ಏಕೆ? ಹಳೆಯ ಆಂಪ್ಲಿಫೈಯರುಗಳಲ್ಲಿ ಅನೇಕವು ಸ್ಪೀಕರಿನ ಸಿಗ್ನಲನ್ನೇ ರೆಸಿಸ್ಟರ್ ಮೂಲಕ ಆ ಸಾಕೆಟ್ಟಿಗೆ ಕೊಡುತ್ತವೆ. ಹೀಗಾಗಿ ಔಟ್‌ಪುಟ್ ಇಂಪಿಡೆನ್ಸ್ 100 ಓಮ್ ದಾಟುವುದುಂಟು. ಹೆಡ್‌ಫೋನಿನ ಇಂಪಿಡೆನ್ಸಿನ ಎಂಟನೇ ಒಂದು ಭಾಗ ಮೀರಬಾರದೆಂಬುದು ರೂಢಿಯ ಲೆಕ್ಕ. 32 ಓಮಿನದಕ್ಕೆ 4 ಓಮ್. ಮೀರಿದರೆ ಎಷ್ಟೋ ಹೆಡ್‌ಫೋನುಗಳಲ್ಲಿ ಮೃದಂಗದ ತೊಪ್ಪಿಯ ನಾದ ಉಬ್ಬಿ, ಬಿಗಿ ಕಳೆದುಕೊಳ್ಳುತ್ತದೆ. ಸೆನ್‌ಹೈಸರ್ ಎಚ್‌ಡಿ 600ರಂಥ 300 ಓಮಿನದಕ್ಕೆ ಈ ತೊಂದರೆ ಕಡಿಮೆ, ಅದು ಕೇಳುವುದು ಹೆಚ್ಚು ವೋಲ್ಟೇಜ್.

ಎಲ್ಲ ಉಪಕರಣಗಳಿಗೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿನಿಂದ ಕರೆಂಟ್ ಕೊಟ್ಟರೆ ಗುಂಯ್‌ಗುಡುವ ಹಮ್ ತಪ್ಪುವ ಸಂಭವ ಹೆಚ್ಚು. ಹೆಡ್‌ಫೋನನ್ನು ಕಿವಿಗೇರಿಸುವ ಮೊದಲು ವಾಲ್ಯೂಮ್ ಸೊನ್ನೆಗೆ ಇಳಿಸಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 80 ಡೆಸಿಬೆಲ್ ಸದ್ದನ್ನು ವಾರಕ್ಕೆ 40 ಗಂಟೆಯವರೆಗೆ ಕೇಳಬಹುದು. ಸದ್ದು ಹೆಚ್ಚಿದಷ್ಟೂ ಆ ಅವಧಿ ವೇಗವಾಗಿ ಕುಗ್ಗುತ್ತದೆ.