ಆಶ್ರಮದ ಊಟದಲ್ಲಿ ಆಯ್ಕೆ ಯಾರದ್ದು?



ನಮ್ಮಲ್ಲಿ ಅನೇಕರು ಈಗ ವೃದ್ಧಾಶ್ರಮ, ನರ್ಸಿಂಗ್ ಹೋಮ್‌ಗಳಿಗೆ ಊಟ ಕಳುಹಿಸುವ ಕಾಂಟ್ರಾಕ್ಟ್ ಹಿಡಿಯುತ್ತಿದ್ದಾರೆ. ಗಿರಾಕಿ ಬಂದು ಗಲ್ಲಾದ ಎದುರು ಜಗಳ ಮಾಡುವುದಿಲ್ಲ, ತಿಂಗಳ ಕೊನೆಗೆ ಚೆಕ್ ಬರುತ್ತದೆ, ಸ್ವಲ್ಪ ಪುಣ್ಯವೂ ಆಯಿತು ಎಂದು ನಾನೂ ಐದು ವರ್ಷದ ಹಿಂದೆ ಡೊಂಬಿವಲಿ ಕಡೆಯ ಒಂದು ಆಶ್ರಮದ ಊಟ ಒಪ್ಪಿಕೊಂಡೆ. 42 ಮಂದಿ, ಎರಡು ಹೊತ್ತಿನ ಊಟ. ಮ್ಯಾನೇಜರ್ ಫೋನಿನಲ್ಲಿ ವಾರದ ಮೆನು ಹೇಳುವುದು, ನಾನು ಬರೆದುಕೊಳ್ಳುವುದು. ಮೂರು ವರ್ಷ ಒಂದು ಕಂಪ್ಲೇಂಟ್ ಬರಲಿಲ್ಲ. ಕಂಪ್ಲೇಂಟ್ ಇಲ್ಲ ಎಂದರೆ ಊಟ ಚೆನ್ನಾಗಿದೆ ಎಂದೇ ನಾನು ತಿಳಿದಿದ್ದೆ.

ಒಂದು ದಿನ ಟೆಂಪೋ ಡ್ರೈವರ್ ರಜೆ ಹಾಕಿದ್ದರಿಂದ ನಾನೇ ಪಾತ್ರೆಗಳ ಜೊತೆ ಹೋದೆ. ಬಡಿಸಲು ಇಬ್ಬರೇ ಆಯಾಗಳು. ಅವರಿಗೆ ಸುಲಭವಾಗಲಿ ಎಂದು ನಾವು ಅನ್ನಕ್ಕೆ ಸಾಂಬಾರು ಕಲಸಿಯೇ ಕಳುಹಿಸುತ್ತಿದ್ದೆವು. ಈ ಉಪಾಯ ನನ್ನದೇ, ಅದಕ್ಕಾಗಿ ಮ್ಯಾನೇಜರ್ ನನ್ನನ್ನು ಹೊಗಳಿದ್ದೂ ಉಂಟು. ಹತ್ತು ನಿಮಿಷದಲ್ಲಿ 42 ತಟ್ಟೆ ತುಂಬಿತು, ಅರ್ಧ ಗಂಟೆಯಲ್ಲಿ ವಾಪಸು ಎತ್ತಿದ್ದೂ ಆಯಿತು. ತೊಳೆಯುವ ಕಡೆ ಹೋಗಿ ನೋಡಿದರೆ ಬಕೆಟ್ ತುಂಬಿ ಚೆಲ್ಲುತ್ತಿತ್ತು.

ಸಾಲಿನ ಕೊನೆಯಲ್ಲಿ ಕೂತವರನ್ನು ನೋಡಿ ನನಗೆ ಕೈಕಾಲು ಆಡಲಿಲ್ಲ. ನಾನು ಹದಿನಾರನೇ ವಯಸ್ಸಿನಲ್ಲಿ ಊರಿನಿಂದ ಬಂದು ಫೋರ್ಟಿನ ಹೋಟೆಲಿನಲ್ಲಿ ಕಪ್ ತೊಳೆಯುವಾಗ ಅಲ್ಲಿ ಅಡುಗೆ ಭಟ್ಟರಾಗಿದ್ದವರು. ರಾತ್ರಿ ಶಾಲೆಗೆ ಹೋಗುವ ಹುಡುಗರಿಗೆ ಸಂಜೆ ಬೇಗ ಊಟ ಹಾಕಿ, "ಎಂತ ಬೇಕು ಮಾಣಿ, ಸಾರಾ ಹುಳಿಯಾ?" ಎಂದು ಕೇಳುತ್ತಿದ್ದವರು. ನಾನು ಹತ್ತನೇ ಕ್ಲಾಸು ಪಾಸಾದದ್ದು ಆ ಊಟದ ಮೇಲೆ. ಈಗ ಅವರ ತಟ್ಟೆಯಲ್ಲಿ ನನ್ನ ಹೋಟೆಲಿನ ಅನ್ನ ಹಾಗೆಯೇ ಉಳಿದಿತ್ತು. ಯಾಕೆ ಉಣ್ಣಲಿಲ್ಲ ಎಂದು ಕೇಳಿದೆ. "ಕಲಸಿದ್ದು ಯಾರೋ, ಉಣ್ಣುದು ನಾನಾ? ಎಂತ ಬೇಕಂತ ಇಲ್ಲಿ ಯಾರೂ ಕೇಳುದಿಲ್ಲ ಮಾಣಿ" ಎಂದರು. ಅಡುಗೆ ಯಾರದ್ದೆಂದು ಹೇಳಲು ಆ ದಿನ ನನಗೆ ಬಾಯಿ ಬರಲಿಲ್ಲ.

ಇದು ರುಚಿಯ ಮಾತು ಮಾತ್ರ ಅಲ್ಲ ಎಂದು ಆಶ್ರಮಕ್ಕೆ ಬರುವ ಡಾಕ್ಟರರು ನಂತರ ತಿಳಿಸಿದರು. ವಯಸ್ಸಾದಂತೆ ನಾಲಿಗೆಯ ರುಚಿ, ಮೂಗಿನ ವಾಸನೆ ಎರಡೂ ಕಡಿಮೆಯಾಗುತ್ತವೆ, ಹಸಿವೂ ಇಳಿಯುತ್ತದೆ. ಊಟ ಬಿಟ್ಟರೆ ತೂಕ ಇಳಿದು ಕಾಲಿನ ಶಕ್ತಿ ಹೋಗುತ್ತದೆ, ಬೀಳುತ್ತಾರೆ. ಸಕ್ಕರೆ ಕಾಯಿಲೆಯವರು ಇನ್ಸುಲಿನ್ ತೆಗೆದುಕೊಂಡು ಆಮೇಲೆ ತಟ್ಟೆ ಸರಿಸಿದರೆ ಸಕ್ಕರೆ ಒಮ್ಮೆಲೇ ಇಳಿದು ಜೀವಕ್ಕೇ ಅಪಾಯ. 2007ರ ಹಿರಿಯ ನಾಗರಿಕರ ಪಾಲನೆ ಪೋಷಣೆಯ ಕಾನೂನಿನಲ್ಲಿ ಪಾಲನೆ ಎಂದರೆ ಅನ್ನ, ಬಟ್ಟೆ, ವಸತಿ, ಔಷಧ ಎಂದು ಇದೆ. ಅನ್ನ ಕೊಟ್ಟೆವು ಎಂದು ರಿಜಿಸ್ಟರಿನಲ್ಲಿ ಬರೆದರೆ ಅದು ಹೊಟ್ಟೆಗೆ ಹೋದ ಹಾಗೆ ಆಗುವುದಿಲ್ಲ.

ಮೊದಲು ನಾನು ಮಾಡಿದ್ದು ದೊಡ್ಡ ಪೆದ್ದುತನ. ಹೋಟೆಲಿನ ಬುದ್ಧಿಯಂತೆ ನಾಳಿನ ಊಟದ ಫಾರ್ಮ್ ಪ್ರಿಂಟ್ ಮಾಡಿಸಿ, ಬೇಕಾದದ್ದಕ್ಕೆ ಟಿಕ್ ಹಾಕಿ ಎಂದು ಹಂಚಿದೆ. ಕೆಲವರಿಗೆ ಕಣ್ಣು ಕಾಣದು, ಕೆಲವರಿಗೆ ಓದಲು ಬಾರದು. ಮರೆವಿನ ಕಾಯಿಲೆ ಇರುವವರಿಗೆ ನಿನ್ನೆ ಟಿಕ್ ಹಾಕಿದ್ದು ಇವತ್ತು ನೆನಪಿಲ್ಲ, "ಇದು ನಾನು ಹೇಳಿದ್ದಲ್ಲ" ಎಂದು ಸಿಟ್ಟು. ಒಂದು ವಾರದಲ್ಲಿ ಫಾರ್ಮ್ ಬಿಟ್ಟೆ.

ದಾರಿ ತೋರಿಸಿದ್ದು ನನ್ನ ತಂಗಿಯ ಮಗಳು. ಅವಳು ಇಂಗ್ಲೆಂಡಿನಲ್ಲಿ ಇಂಥದೇ ಹಿರಿಯರ ಮನೆಯಲ್ಲಿ ನರ್ಸ್. ಅಲ್ಲಿ ಊಟದ ಹೊತ್ತಿಗೆ ಎರಡು ತಟ್ಟೆ ಬಡಿಸಿ ಕಣ್ಣೆದುರು ಹಿಡಿಯುತ್ತಾರಂತೆ. ಬಾಯಿಂದ "ಬೀನ್ಸಾ, ಕುಂಬಳವಾ" ಎಂದರೆ ಮರೆವಿನವರು ಕೊನೆಗೆ ಕೇಳಿದ ಶಬ್ದವನ್ನೇ ತಿರುಗಿ ಹೇಳುವುದುಂಟು. ಕಣ್ಣಿಗೆ ಕಂಡು, ವಾಸನೆ ಮೂಗಿಗೆ ಬಂದರೆ ಕೈ ತಾನಾಗಿ ಒಂದರ ಕಡೆ ಹೋಗುತ್ತದೆ. ಮಾತಾಡದವರ ಮುಖ ನೋಡಬೇಕು. ಬಾಯಿ ಬಿಗಿದು ಮುಖ ತಿರುಗಿಸಿದರೆ ಅದೂ ಉತ್ತರವೇ. ಈಗ ನಾನು ದಿನಕ್ಕೆ ಎರಡು ಪಲ್ಯ ಕಳುಹಿಸುತ್ತೇನೆ, ಒಂದೊಂದರ ಪ್ರಮಾಣ ಅರ್ಧ. ಅನ್ನ ಬೇರೆ, ಸಾಂಬಾರು ಬೇರೆ, ಮೊಸರು ಬೇರೆ. ಕುಚ್ಚಲಕ್ಕಿ ಗಂಜಿ ಪ್ರತಿದಿನ ದೊಡ್ಡ ಥರ್ಮಸ್ ಪಾತ್ರೆಯಲ್ಲಿ ಇರುತ್ತದೆ. ತಡವಾಗಿ ಉಣ್ಣುವವರಿದ್ದಾರೆ, ಆದ್ದರಿಂದ ಬಿಸಿ ಪದಾರ್ಥ 60 ಡಿಗ್ರಿಗಿಂತ ಕೆಳಗೆ ಇಳಿಯಬಾರದು. ಎರಡು ಪಲ್ಯಕ್ಕೆ ಕತ್ತರಿಸುವ ಕೆಲಸ ಹೆಚ್ಚಾಯಿತು, ಅಕ್ಕಿ ಬೇಳೆಯ ಖರ್ಚು ಹೆಚ್ಚಾಗಲಿಲ್ಲ. ಬಕೆಟಿಗೆ ಹೋಗುವುದು ಕಡಿಮೆಯಾಯಿತಲ್ಲ.

ಇನ್ನೊಂದು ಸಣ್ಣ ವಿಷಯ. ಬಿಳಿ ಪ್ಲಾಸ್ಟಿಕ್ ತಟ್ಟೆಯಲ್ಲಿ ಬಿಳಿ ಇಡ್ಲಿ, ಬಿಳಿ ಚಟ್ನಿ ಹಾಕಿದರೆ ದೃಷ್ಟಿ ಮಂದವಾದವರಿಗೆ ಅದು ಕಾಣುವುದೇ ಇಲ್ಲ. ಗಾಢ ಬಣ್ಣದ ತಟ್ಟೆ ತರಿಸಿದೆವು. ಕೈ ನಡುಗುವವರಿಗೆ ಚಮಚದಿಂದ ತಿನ್ನಿಸುವ ಮೊದಲು ಬೆರಳಿನಲ್ಲಿ ಹಿಡಿಯುವಂಥದ್ದು ಕೊಟ್ಟು ನೋಡಿ: ಚಿಕ್ಕ ಇಡ್ಲಿ, ತುಂಡು ಮಾಡಿದ ಮೆತ್ತನೆ ದೋಸೆ. ತಾನೇ ಹಿಡಿದು ತಿಂದರೆ ಎಷ್ಟು ಸಾಕು ಎಂಬುದೂ ಅವರ ಕೈಯಲ್ಲೇ ಉಳಿಯುತ್ತದೆ.

ಎಲ್ಲವನ್ನೂ ಅವರ ಇಷ್ಟಕ್ಕೆ ಬಿಡಬಹುದೇ? ಬಿಡಬಾರದ ಒಂದು ಜಾಗ ಉಂಟು, ನುಂಗುವ ತೊಂದರೆ. ಪಾರ್ಶ್ವವಾಯು ಆದವರಿಗೆ ಆಹಾರ ಶ್ವಾಸನಾಳಕ್ಕೆ ಹೋಗಿ ನ್ಯುಮೋನಿಯಾ ಆಗಬಹುದು, ಉಸಿರೇ ಕಟ್ಟಬಹುದು. ಇದಕ್ಕೆ 0ಯಿಂದ 7ರವರೆಗೆ ಎಂಟು ಹಂತಗಳ ಅಂತಾರಾಷ್ಟ್ರೀಯ ಅಳತೆ ಇದೆ. ನಮ್ಮ ಕೆಲಸಕ್ಕೆ ಮುಖ್ಯವಾದವು ಮೂರು: 4 ಎಂದರೆ ಗಂಟಿಲ್ಲದೆ ನುಣ್ಣಗೆ ರುಬ್ಬಿದ್ದು, 5 ಎಂದರೆ 4 ಮಿಲಿಮೀಟರಿನ ಒದ್ದೆ ಚೂರು (ಫೋರ್ಕಿನ ಎರಡು ಹಲ್ಲಿನ ನಡುವಿನ ಜಾಗದಷ್ಟು), 6 ಎಂದರೆ ಒಂದೂವರೆ ಸೆಂಟಿಮೀಟರ್ ಮೀರದ ಮೆತ್ತನೆ ತುಂಡು. ತೆಳು ಸಾರಿನಲ್ಲಿ ತೇಲುವ ಅನ್ನ ಅವರಿಗೆ ಕಷ್ಟ, ಯಾಕೆಂದರೆ ನೀರು ಒಂದು ವೇಗದಲ್ಲಿ ಇಳಿಯುತ್ತದೆ, ಅಗುಳು ಇನ್ನೊಂದು ವೇಗದಲ್ಲಿ. ಅಂಟುವ ಸಾಬುದಾನಾ, ಪುಡಿಯಾಗುವ ಚಕ್ಕುಲಿ ಕೂಡ ಬೇಡ. ಯಾರಿಗೆ ಯಾವ ಹಂತ ಎಂಬುದನ್ನು ಡಾಕ್ಟರ್, ಥೆರಪಿಸ್ಟ್ ಬರೆದು ಕೊಡಬೇಕು, ನಾವು ಊಹಿಸಬಾರದು. ಆದರೆ ರುಬ್ಬಿದ್ದರಲ್ಲಿಯೂ ಆಯ್ಕೆ ಕೊಡಬಹುದು. ಎಲ್ಲವನ್ನೂ ಒಟ್ಟಿಗೆ ಮಿಕ್ಸಿಗೆ ಹಾಕಿ ಬೂದಿ ಬಣ್ಣ ಮಾಡಬೇಡಿ. ಕುಂಬಳ ಬೇರೆ, ಪಾಲಕ್ ಬೇರೆ ರುಬ್ಬಿ.

ಉಪ್ಪು, ಸಕ್ಕರೆಯ ವಿಷಯ ಹಾಗಲ್ಲ. ಭಟ್ಟರು ಗಂಜಿಗೆ ಉಪ್ಪಿನಕಾಯಿ ಕೇಳಿದರು. ಬಿಪಿ ಇದೆ, ನಾಳೆ ಏನಾದರೂ ಆದರೆ ಜವಾಬ್ದಾರಿ ಯಾರದ್ದು ಎಂದು ಮ್ಯಾನೇಜರ್ ಪಟ್ಟು ಹಿಡಿದರು. ಅವರದ್ದೂ ತಪ್ಪಲ್ಲ. ಇಂಗ್ಲೆಂಡಿನಲ್ಲಿ ಇದಕ್ಕಾಗಿ 2005ರ ಮೆಂಟಲ್ ಕೆಪಾಸಿಟಿ ಆಕ್ಟ್ ಇದೆ. ಇತರರಿಗೆ ಬುದ್ಧಿವಂತಿಕೆ ಅನ್ನಿಸದ ತೀರ್ಮಾನ ಮಾಡಿದ ಮಾತ್ರಕ್ಕೆ ಒಬ್ಬರಿಗೆ ತೀರ್ಮಾನ ಮಾಡುವ ಶಕ್ತಿಯೇ ಇಲ್ಲ ಎನ್ನಬಾರದು ಎಂದು ಅದರಲ್ಲಿ ಬರೆದಿದೆ. ನಮ್ಮಲ್ಲಿ ಡಾಕ್ಟರರು ಭಟ್ಟರ ಪಕ್ಕ ಕುರ್ಚಿ ಹಾಕಿ ಕೂತು, ಉಪ್ಪಿನಕಾಯಿಯಲ್ಲಿ ಎಷ್ಟು ಉಪ್ಪು, ಹಪ್ಪಳದಲ್ಲಿ ಎಷ್ಟು, ಅದರಿಂದ ಏನಾಗುತ್ತದೆ ಎಂದು ಬಿಡಿಸಿ ಹೇಳಿದರು. ಉಪ್ಪಿನಕಾಯಿ ಭರಣಿ ಹಾಕಿದ ಮನುಷ್ಯನಿಗೆ ಉಪ್ಪಿನ ಲೆಕ್ಕ ಗೊತ್ತಿಲ್ಲದೆ ಇರುತ್ತದೆಯೇ? ಹಪ್ಪಳ ಬೇಡ, ಮಧ್ಯಾಹ್ನದ ಗಂಜಿಗೆ ಮಾವಿನ ಮಿಡಿಯ ಅರ್ಧ ತುಂಡು ಸಾಕು ಎಂದು ಅವರೇ ಹೇಳಿದರು. ಡಾಕ್ಟರ್ ಅದನ್ನು ಫೈಲಿನಲ್ಲಿ ಬರೆದರು. ಮೂತ್ರಪಿಂಡದ ಕಾಯಿಲೆಯವರಿಗೆ ಎಳನೀರು, ರಕ್ತ ತೆಳು ಮಾಡುವ ವಾರ್ಫರಿನ್ ಮಾತ್ರೆಯವರಿಗೆ ಸೊಪ್ಪು ಒಂದು ದಿನ ಜಾಸ್ತಿ ಒಂದು ದಿನ ಇಲ್ಲವೇ ಇಲ್ಲ ಎಂಬಂತೆ ಕೊಡುವ ಮೊದಲೂ ಹೀಗೆ ಕೇಳಿ, ತಿಳಿಸಿ, ಬರೆಸಿಕೊಳ್ಳಿ.

ಹೊಸ ಕಾಂಟ್ರಾಕ್ಟ್ ಬರೆಯುವಾಗ ಮ್ಯಾನೇಜರ್ ಜೊತೆ ಮಾತಾಡಿ ಮುಗಿಸಬೇಡಿ. ಒಂದು ಮಧ್ಯಾಹ್ನ ಆಶ್ರಮದವರ ಜೊತೆ ಪಂಕ್ತಿಯಲ್ಲಿ ಕೂತು ಉಣ್ಣಿ, ಯಾರಿಗೆ ಈರುಳ್ಳಿ ಬೆಳ್ಳುಳ್ಳಿ ಬೇಡ, ಯಾರದ್ದು ಏಕಾದಶಿ, ಯಾರಿಗೆ ಭಾಕ್ರಿ ಬೇಕು ಎಂದು ಅವರ ಬಾಯಿಂದಲೇ ಕೇಳಿ. ಎರಡು ಪಲ್ಯ, ಬೇರೆ ಬೇರೆ ಪಾತ್ರೆ ಎಂದು ಕೊಟೇಶನ್ನಿನಲ್ಲೇ ಹಾಕಿ, ರೇಟನ್ನೂ ಸರಿಯಾಗಿ ಹಾಕಿ.

ನನಗೆ ಬಗೆಹರಿಯದೆ ಉಳಿದದ್ದು ಮೀನಿನ ಪ್ರಶ್ನೆ. ಆಶ್ರಮದಲ್ಲಿ ಮೂವರು ಮೀನು ಕೇಳುತ್ತಾರೆ, ನಮ್ಮದು ಶುದ್ಧ ಸಸ್ಯಾಹಾರಿ ಹೋಟೆಲು. ಪಕ್ಕದ ಬೀದಿಯಲ್ಲಿ ಮೀನಿನ ಹೋಟೆಲ್ ನಡೆಸುವ ಗೆಳೆಯರು ಶುಕ್ರವಾರ ಮೂರು ಡಬ್ಬ ಕೊಡಲು ಒಪ್ಪಿದ್ದಾರೆ. ಒಂದೇ ಹಾಲಿನಲ್ಲಿ ಜೈನ ಅಜ್ಜಿಯಂದಿರೂ ಕೂತು ಉಣ್ಣುತ್ತಾರೆ. ಅವರನ್ನೂ ಕೇಳದೆ ತೀರ್ಮಾನಿಸುವುದು ಸರಿಯಲ್ಲ ಎಂದು ಬರುವ ಭಾನುವಾರ ಎಲ್ಲರನ್ನೂ ಕೂರಿಸಿ ಮಾತಾಡಲಿದ್ದೇವೆ. ಭಟ್ಟರೂ ಬರುತ್ತೇನೆ ಎಂದಿದ್ದಾರೆ. ಈಗ ಅಡುಗೆ ಯಾರದ್ದೆಂದು ಅವರಿಗೆ ಗೊತ್ತು. ಮೊನ್ನೆ ಟೆಂಪೋ ಡ್ರೈವರ್ ಕೈಯಲ್ಲಿ ಹೇಳಿ ಕಳುಹಿಸಿದ್ದರು, ಸಾಂಬಾರಿಗೆ ಇಂಗು ಸಾಲದು ಎಂದು.