ಆಪತ್ತು ಬರುವ ಮೊದಲೇ

ಆಶಯ: ಭೂಕಂಪ, ಬೆಂಕಿ, ಮಹಾಪೂರ ಮುಂತಾದ ಆಪತ್ತುಗಳು ಹೇಳಿ ಬರುವುದಿಲ್ಲ. ಆದರೆ ಮೊದಲೇ ಸಿದ್ಧರಾಗಿದ್ದರೆ ಅನೇಕ ಜೀವಗಳನ್ನು ಉಳಿಸಬಹುದು. ಶಾಲೆಯಲ್ಲಿ ಆಪತ್ತು ಬಂದಾಗ ಏನು ಮಾಡಬೇಕು, ಅದಕ್ಕೆ ಮೊದಲು ಏನು ಮಾಡಿರಬೇಕು ಎಂಬುದನ್ನು ಈ ಪಾಠದಲ್ಲಿ ತಿಳಿಯೋಣ.

ಮಕ್ಕಳೇ, ‘ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದಂತೆ’ ಎಂಬ ಗಾದೆಯನ್ನು ನೀವು ಹಿರಿಯರ ಬಾಯಿಂದ ಕೇಳಿರಬಹುದು. ಬಾವಿ ತೋಡುವುದು ಒಳ್ಳೆಯ ಕೆಲಸವೇ. ಆದರೆ ಬೆಂಕಿ ಬಿದ್ದ ಮೇಲೆ ಗುದ್ದಲಿ ಹುಡುಕಿದರೆ, ನೀರು ಸಿಗುವಷ್ಟರಲ್ಲಿ ಮನೆ ಬೂದಿಯಾಗಿರುತ್ತದೆ. ಯಾವ ಕೆಲಸವನ್ನು ಯಾವಾಗ ಮಾಡಬೇಕು ಎಂಬುದನ್ನು ಈ ಗಾದೆ ಹೇಳುತ್ತದೆ.

ನೀವು ದಿನದ ಐದಾರು ತಾಸುಗಳನ್ನು ಶಾಲೆಯಲ್ಲಿ ಕಳೆಯುತ್ತೀರಿ. ಅಲ್ಲಿ ನೂರಾರು ಮಕ್ಕಳು ಒಂದೇ ಕಟ್ಟಡದಲ್ಲಿ ಇರುತ್ತಾರೆ. ಆಪತ್ತು ಬಂದಾಗ ಎಲ್ಲರೂ ಒಮ್ಮೆಗೇ ಬಾಗಿಲಿಗೆ ನುಗ್ಗಿದರೆ ಏನಾದೀತು, ಯೋಚಿಸಿರಿ. ಅದಕ್ಕಾಗಿಯೇ ಶಾಲೆಗೆ ಒಂದು ಯೋಜನೆ ಬೇಕು. ಆ ಯೋಜನೆಯಲ್ಲಿ ನಿಮಗೂ ಕೆಲಸವಿದೆ.

ಕಿಲ್ಲಾರಿ ಕಲಿಸಿದ ಪಾಠ

ಅದು 1993ನೆಯ ಇಸವಿ. ಸೆಪ್ಟೆಂಬರ 29ರಂದು ಊರೂರಲ್ಲಿ ಗಣಪತಿಯ ವಿಸರ್ಜನೆ ನಡೆಯಿತು. ಮೆರವಣಿಗೆ ಮುಗಿಸಿ ಜನ ತಡವಾಗಿ ಮಲಗಿದರು. ಮರುದಿನ ನಸುಕಿನಲ್ಲಿ, ನಾಲ್ಕು ಗಂಟೆಗೆ ಇನ್ನೂ ಕೆಲವು ನಿಮಿಷಗಳಿರುವಾಗ ನೆಲ ನಡುಗಿತು. ಲಾತೂರ ಜಿಲ್ಲೆಯ ಕಿಲ್ಲಾರಿ ಮತ್ತು ಸುತ್ತಲಿನ ಹಳ್ಳಿಗಳು ನೆಲಸಮವಾದವು. ಅಂದಿನ ಉಸ್ಮಾನಾಬಾದ, ಈಗಿನ ಧಾರಾಶಿವ ಜಿಲ್ಲೆಯಲ್ಲಿಯೂ ಬಹಳ ಹಾನಿಯಾಯಿತು. ಸುಮಾರು 10 ಸಾವಿರ ಜನ ಪ್ರಾಣ ಕಳೆದುಕೊಂಡರು. ನಿಮ್ಮ ಊರಿನ ಹಿರಿಯರಲ್ಲಿ ಕೆಲವರಿಗೆ ಆ ನಸುಕು ಇನ್ನೂ ನೆನಪಿರಬಹುದು.

ಇಷ್ಟೊಂದು ಜನ ಸತ್ತದ್ದು ಏಕೆ? ಅಲ್ಲಿಯ ಬಹಳಷ್ಟು ಮನೆಗಳ ಗೋಡೆಗಳನ್ನು ಕಲ್ಲು ಮತ್ತು ಮಣ್ಣಿನಿಂದ ಕಟ್ಟಿದ್ದರು. ಗೋಡೆಗಳು ದಪ್ಪವಾಗಿದ್ದವು, ಆದರೆ ಕಲ್ಲುಗಳನ್ನು ಹಿಡಿದಿಡುವ ಸಿಮೆಂಟು ಇರಲಿಲ್ಲ. ಮೇಲೆ ಭಾರವಾದ ಮಣ್ಣಿನ ಮೇಲ್ಮುದ್ದೆ. ಬೇಸಿಗೆಯಲ್ಲಿ ತಂಪು ಕೊಡುತ್ತಿದ್ದ ಆ ಮೇಲ್ಮುದ್ದೆಯೇ ಮಲಗಿದವರ ಮೇಲೆ ಕುಸಿಯಿತು. ಇನ್ನೊಂದು ಕಾರಣವೂ ಇತ್ತು. ದಖ್ಖನ್ನಿನ ಈ ಗಟ್ಟಿ ನೆಲದಲ್ಲಿ ದೊಡ್ಡ ಭೂಕಂಪ ಆಗುವುದಿಲ್ಲ ಎಂದೇ ಬಹಳ ಜನ ನಂಬಿದ್ದರು. ಆದ್ದರಿಂದ ಯಾರೂ ಸಿದ್ಧರಾಗಿರಲಿಲ್ಲ. ಆಮೇಲೆ ಅಲ್ಲಿ ಭೂಕಂಪವನ್ನು ತಾಳಿಕೊಳ್ಳುವಂಥ ಮನೆಗಳನ್ನು ಕಟ್ಟಲಾಯಿತು. ‘ನಮ್ಮ ಊರಿಗೆ ಆಪತ್ತು ಬರುವುದಿಲ್ಲ’ ಎಂದು ಯಾರೂ ಹೇಳಬಾರದು. ಇದು ಕಿಲ್ಲಾರಿ ಕಲಿಸಿದ ಪಾಠ.

ಓಡಿ ಬದುಕಿದ ಮಕ್ಕಳು

ಈಗ ಸಿದ್ಧರಾಗಿದ್ದ ಮಕ್ಕಳ ಕಥೆಯನ್ನು ಕೇಳಿರಿ. ಜಪಾನ್ ದೇಶದಲ್ಲಿ ಕಾಮಾಯಿಶಿ ಎಂಬ ಕಡಲ ತೀರದ ಊರಿದೆ. ಅಲ್ಲಿಯ ಉನೊಸುಮಾಯ್ ಎಂಬ ಭಾಗದಲ್ಲಿ ಒಂದು ಪ್ರಾಥಮಿಕ ಶಾಲೆ ಮತ್ತು ಒಂದು ಮಾಧ್ಯಮಿಕ ಶಾಲೆ ಅಕ್ಕಪಕ್ಕದಲ್ಲಿ ಇದ್ದವು. ಗುನ್ಮಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ತೋಶಿತಾಕಾ ಕಾತಾದಾ ಎಂಬವರು ಆ ಊರಿನ ಶಾಲೆಗಳಿಗೆ ಹಲವು ವರ್ಷ ಹೋಗಿ ಸುನಾಮಿಯ ಬಗ್ಗೆ ಕಲಿಸಿದ್ದರು. ಮಕ್ಕಳು ತಮ್ಮ ಮನೆಯಿಂದ ಶಾಲೆಯವರೆಗಿನ ನಕಾಶೆ ಬರೆದು, ದಾರಿಯಲ್ಲಿ ಎತ್ತರದ ಸ್ಥಳ ಎಲ್ಲಿದೆ ಎಂದು ಗುರುತು ಹಾಕಿದ್ದರು. ಅವರು ಕಲಿತ ನಿಯಮಗಳು ಮೂರು:

1. ‘ಇಷ್ಟೇ ಆಗುತ್ತದೆ’ ಎಂಬ ಊಹೆಯನ್ನು ನಂಬಬೇಡ.
2. ನಿನ್ನಿಂದ ಸಾಧ್ಯವಾದಷ್ಟು ಪ್ರಯತ್ನ ಮಾಡು.
3. ಬೇರೆಯವರಿಗೆ ಕಾಯಬೇಡ, ನೀನೇ ಮೊದಲು ಹೊರಡು.

2011ರ ಮಾರ್ಚ್ 11ರಂದು ಮಧ್ಯಾಹ್ನ 2 ಗಂಟೆ 46 ನಿಮಿಷಕ್ಕೆ ಭಯಂಕರ ಭೂಕಂಪವಾಯಿತು. ವಿದ್ಯುತ್ ಹೋಯಿತು. ಶಾಲೆಯ ಧ್ವನಿವರ್ಧಕದಲ್ಲಿ ಸೂಚನೆ ಕೊಡಲು ಆಗಲಿಲ್ಲ. ಆದರೂ ಮಾಧ್ಯಮಿಕ ಶಾಲೆಯ ಮಕ್ಕಳು ಸುಮ್ಮನೆ ನಿಲ್ಲಲಿಲ್ಲ. ನಡುಕ ನಿಂತೊಡನೆ ಎತ್ತರದ ಕಡೆಗೆ ಓಡತೊಡಗಿದರು. ಪಕ್ಕದ ಪ್ರಾಥಮಿಕ ಶಾಲೆಯ ಮಕ್ಕಳು ಮೊದಲು ಕಟ್ಟಡದ ಮೂರನೆಯ ಅಂತಸ್ತಿಗೆ ಹೋಗಿದ್ದರು. ದೊಡ್ಡ ಮಕ್ಕಳು ಓಡುವುದನ್ನು ಕಂಡು ಅವರೂ ಕೆಳಗಿಳಿದು ಹಿಂದೆ ಓಡಿದರು. ದೊಡ್ಡವರು ಚಿಕ್ಕವರ ಕೈ ಹಿಡಿದರು.

ಅವರು ಮೊದಲೇ ಗೊತ್ತುಮಾಡಿದ್ದ ಜಾಗವನ್ನು ತಲುಪಿದರು. ಆದರೆ ಅಲ್ಲಿ ಹಿಂದಿನ ಗುಡ್ಡದ ಮಣ್ಣು ಕುಸಿಯುತ್ತಿತ್ತು. ಆಗ ಮೊದಲ ನಿಯಮ ನೆರವಿಗೆ ಬಂತು. ‘ಇದು ಸುರಕ್ಷಿತ ಜಾಗವೆಂದು ಹೇಳಿದ್ದಾರೆ, ಇಲ್ಲೇ ಇರೋಣ’ ಎಂದು ಅವರು ಕೂರಲಿಲ್ಲ. ಇನ್ನೂ ಮೇಲಕ್ಕೆ ಹೋದರು. ದಾರಿಯಲ್ಲಿ ಸಿಕ್ಕ ಶಿಶುಗಳ ಬಂಡಿಗಳನ್ನು ತಳ್ಳಿಕೊಂಡು ಹೋದರು. ಅಲ್ಲಿಗೂ ನೀರು ಸಮೀಪಿಸಿದಾಗ ಮತ್ತೂ ಎತ್ತರಕ್ಕೆ ಏರಿದರು. ಅವರು ಬಿಟ್ಟು ಬಂದ ಎರಡೂ ಶಾಲೆಗಳನ್ನು ಸುನಾಮಿ ಮುಳುಗಿಸಿತು. ನೀರು ಇಳಿದ ಮೇಲೆ ನೋಡಿದರೆ ಪ್ರಾಥಮಿಕ ಶಾಲೆಯ ಮೂರನೆಯ ಅಂತಸ್ತಿಗೆ ಒಂದು ಕಾರು ಸಿಕ್ಕಿಕೊಂಡಿತ್ತು! ಕೂಡಿ ಓಡಿದ ಸುಮಾರು 570 ಮಕ್ಕಳು ಬದುಕಿ ಉಳಿದರು.

ಆ ಎರಡು ಶಾಲೆಗಳಿದ್ದ ಜಾಗದಲ್ಲಿ ಈಗ ಒಂದು ಕ್ರೀಡಾಂಗಣವಿದೆ. 2019ರಲ್ಲಿ ರಗ್ಬಿ ವಿಶ್ವಕಪ್ಪಿನ ಆಟ ಅಲ್ಲಿ ನಡೆಯಿತು.

ನಮ್ಮ ಶಾಲೆಯನ್ನು ತಿಳಿಯೋಣ

ನಮ್ಮ ಶಾಲೆಯ ಹತ್ತಿರ ಕಡಲಿಲ್ಲ. ಆದರೆ ಕಾಮಾಯಿಶಿಯ ಮಕ್ಕಳಂತೆ ನಾವೂ ನಕಾಶೆ ಬರೆಯಬಹುದು. ನಿಮ್ಮ ಶಾಲೆಯ ನಕಾಶೆಯಲ್ಲಿ ಇವನ್ನು ಗುರುತಿಸಿರಿ: ವರ್ಗದ ಕೋಣೆಗಳು, ಬಾಗಿಲುಗಳು, ಮೆಟ್ಟಿಲು, ಗೇಟು, ಮೈದಾನ, ನೀರಿನ ಟಾಕಿ, ವಿದ್ಯುತ್ತಿನ ಮೇನ್ ಸ್ವಿಚ್, ಖಿಚಡಿ ಬೇಯಿಸುವ ಕೋಣೆ, ಮರಳು ತುಂಬಿದ ಕೆಂಪು ಬಕೆಟ್ಟು, ಪ್ರಥಮೋಪಚಾರದ ಪೆಟ್ಟಿಗೆ. ನಿಮ್ಮ ವರ್ಗದಿಂದ ಮೈದಾನಕ್ಕೆ ಹೋಗುವ ದಾರಿಯನ್ನು ಬಾಣದ ಗುರುತಿನಿಂದ ತೋರಿಸಿರಿ. ಆ ದಾರಿ ಮುಚ್ಚಿದರೆ ಹೋಗಲು ಎರಡನೆಯ ದಾರಿಯನ್ನೂ ತೋರಿಸಿರಿ.

ಆಮೇಲೆ ಆ ದಾರಿಯಲ್ಲಿ ನಡೆದು ನೋಡಿರಿ. ಬಾಗಿಲ ಮುಂದೆ ಮುರಿದ ಬೆಂಚುಗಳನ್ನು ಒಟ್ಟಿದ್ದಾರೆಯೇ? ಮೆಟ್ಟಿಲ ಮೇಲೆ ಸೈಕಲ್ಲು ನಿಂತಿದೆಯೇ? ಹಿಂದಿನ ಗೇಟಿಗೆ ಬೀಗವಿದೆಯೇ? ಕಂಡದ್ದನ್ನು ನಿಮ್ಮ ಗುರುಗಳಿಗೆ ತಿಳಿಸಿರಿ. ಇವು ಸಣ್ಣ ಸಂಗತಿಗಳಂತೆ ಕಾಣುತ್ತವೆ. ಆದರೆ ಆಪತ್ತಿನಲ್ಲಿ ಒಂದು ಬೀಗ ನೂರು ಜನರನ್ನು ತಡೆಯುತ್ತದೆ.

ಅಭ್ಯಾಸಕ್ಕಾಗಿ ನಡೆಸುವ ಕವಾಯತಿಗೆ ಅಣಕು ಕವಾಯತು ಎನ್ನುತ್ತಾರೆ. ಮುಖ್ಯಾಧ್ಯಾಪಕರು ಬಿಡದೆ ಗಂಟೆ ಬಾರಿಸಿದಾಗ ಎಲ್ಲರೂ ಸಾಲಾಗಿ ಮೈದಾನಕ್ಕೆ ಹೋಗಬೇಕು. ಶಾಲೆಯ ಹಿತ್ತಾಳೆ ಗಂಟೆಯನ್ನು ಹಳೆಯದೆಂದು ಮೂಲೆಗೆ ಎಸೆಯಬಾರದು. ವಿದ್ಯುತ್ ಹೋದಾಗಲೂ ಅದು ಕೇಳಿಸುತ್ತದೆ! ಅಣಕು ಕವಾಯತಿನಲ್ಲಿ ನಗುತ್ತ, ತಳ್ಳಾಡುತ್ತ ಹೋದವರು ನಿಜವಾದ ಆಪತ್ತಿನಲ್ಲಿಯೂ ತಳ್ಳಾಡುತ್ತಾರೆ. ಕಾಲು ಕಲಿತದ್ದನ್ನು ಕಾಲು ಮರೆಯುವುದಿಲ್ಲ.

ನೆಲ ನಡುಗಿದರೆ

ನೆಲ ನಡುಗುವಾಗ ಓಡಲು ಹೋದರೆ ಬೀಳುತ್ತೀರಿ. ಮೇಲಿನಿಂದ ಹೆಂಚು, ಫ್ಯಾನು, ಗಾಜು ಬೀಳಬಹುದು. ಆದ್ದರಿಂದ ಮೂರು ಮಾತುಗಳನ್ನು ನೆನಪಿಡಿರಿ: ಬಾಗು, ಮರೆಯಾಗು, ಹಿಡಿದುಕೋ. ಮೊಣಕಾಲೂರಿ ಬಾಗಬೇಕು. ಗಟ್ಟಿಯಾದ ಬೆಂಚಿನ ಕೆಳಗೆ ಸೇರಿ ತಲೆಯನ್ನು ರಕ್ಷಿಸಿಕೊಳ್ಳಬೇಕು. ಬೆಂಚಿನ ಕಾಲನ್ನು ಬಿಗಿಯಾಗಿ ಹಿಡಿದುಕೊಳ್ಳಬೇಕು. ಬೆಂಚು ಇಲ್ಲದಿದ್ದರೆ ಕಿಟಕಿ, ಕಪಾಟುಗಳಿಂದ ದೂರ ಕುಳಿತು ಕೈಗಳಿಂದ ತಲೆ, ಕತ್ತು ಮುಚ್ಚಿಕೊಳ್ಳಬೇಕು. ನಡುಕ ನಿಂತ ಮೇಲೆ ಸಾಲಾಗಿ ಹೊರಗೆ ಬರಬೇಕು. ಮತ್ತೆ ನೆಲ ನಡುಗಬಹುದು, ಆದ್ದರಿಂದ ಗುರುಗಳು ಹೇಳುವವರೆಗೆ ಒಳಗೆ ಹೋಗಬಾರದು. ಬಯಲಿನಲ್ಲಿದ್ದರೆ ಗೋಡೆ, ವಿದ್ಯುತ್ ಕಂಬ, ಮರಗಳಿಂದ ದೂರ ನಿಲ್ಲಬೇಕು.

ಬೆಂಕಿ ಹತ್ತಿದರೆ

2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣದ ಒಂದು ಶಾಲೆಯಲ್ಲಿ ಅಡುಗೆಮನೆಯ ಬೆಂಕಿ ಗರಿಯ ಚಾವಣಿಗೆ ಹತ್ತಿತು. ಇಕ್ಕಟ್ಟಾದ ಆ ಕಟ್ಟಡದಿಂದ ಹೊರಬರಲಾಗದೆ 94 ಮಕ್ಕಳು ತೀರಿಕೊಂಡರು. 2009ರಲ್ಲಿ ಸರ್ವೋಚ್ಚ ನ್ಯಾಯಾಲಯವು ಪ್ರತಿಯೊಂದು ಶಾಲೆಯಲ್ಲಿ ಬೆಂಕಿ ಆರಿಸುವ ಸಾಧನ ಇರಬೇಕು, ಶಿಕ್ಷಕರಿಗೆ ತರಬೇತಿ ಕೊಡಬೇಕು ಎಂದು ಆಜ್ಞೆ ಮಾಡಿತು. ಆ ಮಕ್ಕಳನ್ನು ನೆನೆಯುವ ಸರಿಯಾದ ರೀತಿಯೆಂದರೆ ನಮ್ಮ ಶಾಲೆಯ ದಾರಿಗಳನ್ನು ತೆರೆದಿಡುವುದು.

ಬೆಂಕಿಯ ಸಮಯದಲ್ಲಿ ಬೆಂಚಿನ ಕೆಳಗೆ ಅಡಗಬಾರದು. ಭೂಕಂಪದ ನಿಯಮವೇ ಬೇರೆ, ಬೆಂಕಿಯ ನಿಯಮವೇ ಬೇರೆ. ಬೆಂಕಿ ಕಂಡೊಡನೆ ಹೊರಗೆ ಹೊರಡಬೇಕು. ಬಿಸಿ ಹೊಗೆ ಮೇಲಕ್ಕೆ ಏರುತ್ತದೆ; ನೆಲದ ಹತ್ತಿರ ಉಸಿರಾಡುವ ಗಾಳಿ ಉಳಿದಿರುತ್ತದೆ. ಆದ್ದರಿಂದ ಹೊಗೆ ತುಂಬಿದರೆ ಮೂಗು ಬಾಯಿಗೆ ಬಟ್ಟೆ ಹಿಡಿದು ತೆವಳುತ್ತ ಹೋಗಬೇಕು. ಪಾಟೀಚೀಲ, ಚಪ್ಪಲಿ, ಡಬ್ಬಿಗಾಗಿ ತಿರುಗಿ ಹೋಗಬಾರದು. ಪುಸ್ತಕ ಮತ್ತೆ ಸಿಗುತ್ತದೆ, ಪ್ರಾಣ ಸಿಗುವುದಿಲ್ಲ.

ಬಟ್ಟೆಗೆ ಬೆಂಕಿ ಹತ್ತಿದರೆ ಓಡಬಾರದು; ಓಡಿದರೆ ಗಾಳಿಗೆ ಬೆಂಕಿ ಹೆಚ್ಚುತ್ತದೆ. ನಿಂತು, ನೆಲಕ್ಕೆ ಬಿದ್ದು, ಹೊರಳಾಡಬೇಕು. ಸುಟ್ಟ ಗಾಯದ ಮೇಲೆ ಸುಮಾರು 20 ನಿಮಿಷ ತಣ್ಣೀರು ಹರಿಸಬೇಕು. ಮಸಿ, ಹಲ್ಲಿನ ಪೇಸ್ಟು, ಎಣ್ಣೆ ಹಚ್ಚಬಾರದು. ಗ್ಯಾಸಿನ ವಾಸನೆ ಬಂದರೆ ದೀಪದ ಗುಂಡಿಯನ್ನು ಮುಟ್ಟಬಾರದು. ಅದರ ಸಣ್ಣ ಕಿಡಿಯೂ ಸಾಕು, ಬೆಂಕಿ ಹೊತ್ತಿಕೊಳ್ಳುತ್ತದೆ. ವಿದ್ಯುತ್ತಿನಿಂದ ಹತ್ತಿದ ಬೆಂಕಿಗೆ ನೀರು ಹಾಕಬಾರದು. ಮೇನ್ ಸ್ವಿಚ್ಚನ್ನು ಹಿರಿಯರು ಆರಿಸಲಿ.

ಮೈದಾನದಲ್ಲಿ ಸೇರಿದ ಮೇಲೆ

ಮೈದಾನ ತಲುಪಿದರೆ ಕೆಲಸ ಮುಗಿಯಲಿಲ್ಲ. ಗುರುಗಳು ಹಾಜರಿ ಪುಸ್ತಕ ತೆರೆದು ಪ್ರತಿಯೊಬ್ಬರ ಹೆಸರು ಕೂಗುತ್ತಾರೆ. ನೀವು ಯಾರಿಗೂ ಹೇಳದೆ ಮನೆಗೆ ಓಡಿದರೆ, ನೀವು ಒಳಗೇ ಸಿಕ್ಕಿಕೊಂಡಿದ್ದೀರಿ ಎಂದು ತಿಳಿದು ಯಾರಾದರೂ ಬೆಂಕಿಯೊಳಗೆ ಹೋದಾರು. ಆದ್ದರಿಂದ ಹೆಸರು ಕೂಗಿದಾಗ ಸ್ಪಷ್ಟವಾಗಿ ‘ಹಾಜರ್’ ಎನ್ನಿರಿ. ಪಕ್ಕದ ಗೆಳೆಯ ಕಾಣದಿದ್ದರೆ ಕೂಡಲೇ ತಿಳಿಸಿರಿ.

ಪ್ರತಿಯೊಂದು ವರ್ಗದಲ್ಲಿ ಜೋಡಿಗಳನ್ನು ಮಾಡಿಕೊಳ್ಳಿರಿ. ನಡೆಯಲು ಕಷ್ಟವಾಗುವ ಗೆಳತಿಗೆ ಆಸರೆಯಾಗುವವರು ಯಾರು? ಕಿವಿ ಕೇಳಿಸದ ಗೆಳೆಯನ ಭುಜ ತಟ್ಟಿ ಗಂಟೆಯಾಯಿತೆಂದು ತಿಳಿಸುವವರು ಯಾರು? ಇದನ್ನು ಇಂದೇ ಗೊತ್ತುಮಾಡಿರಿ.

ನೆರವು ಬೇಕಾದಾಗ 112ಕ್ಕೆ ಫೋನು ಮಾಡಬೇಕು. ಅಗ್ನಿಶಾಮಕ ದಳಕ್ಕೆ 101, ಆಂಬುಲೆನ್ಸಿಗೆ 108, ಕಷ್ಟದಲ್ಲಿರುವ ಮಕ್ಕಳಿಗೆ 1098. ಏನಾಗಿದೆ, ಎಲ್ಲಿ ಆಗಿದೆ, ಹತ್ತಿರದ ಗುರುತು ಯಾವುದು, ಎಷ್ಟು ಜನರಿಗೆ ಪೆಟ್ಟಾಗಿದೆ ಎಂಬುದನ್ನು ನಿಧಾನವಾಗಿ ಹೇಳಬೇಕು. ಅತ್ತ ಕಡೆಯವರು ಸಾಕು ಎನ್ನುವವರೆಗೆ ಫೋನು ಇಡಬಾರದು. ತಮಾಷೆಗಾಗಿ ಈ ಸಂಖ್ಯೆಗಳಿಗೆ ಫೋನು ಮಾಡಿದರೆ ನಿಜವಾಗಿ ಕಷ್ಟದಲ್ಲಿರುವವರಿಗೆ ನೆರವು ತಡವಾಗುತ್ತದೆ.

ಮುಂದೆ ನೀವು ಕಾಲೇಜಿಗೆ ಹೋಗುತ್ತೀರಿ. ಅಲ್ಲಿ ಹಲವು ಅಂತಸ್ತಿನ ಕಟ್ಟಡಗಳು, ಪ್ರಯೋಗಶಾಲೆಗಳು, ವಸತಿಗೃಹಗಳು ಇರುತ್ತವೆ. ಬೆಂಕಿ, ಭೂಕಂಪದ ಸಮಯದಲ್ಲಿ ಅಲ್ಲಿ ಲಿಫ್ಟನ್ನು ಬಳಸಬಾರದು, ಮೆಟ್ಟಿಲುಗಳಿಂದಲೇ ಇಳಿಯಬೇಕು. ಹೊಸ ಕಟ್ಟಡಕ್ಕೆ ಕಾಲಿಟ್ಟೊಡನೆ ‘ಹೊರಗೆ ಹೋಗುವ ದಾರಿ ಎಲ್ಲಿದೆ?’ ಎಂದು ನೋಡುವ ರೂಢಿಯನ್ನು ಇಂದಿನಿಂದಲೇ ಬೆಳೆಸಿಕೊಳ್ಳಿರಿ. ಇದು ಅಂಜುಬುರುಕರ ಲಕ್ಷಣವಲ್ಲ, ಜಾಣರ ಲಕ್ಷಣ.

ಶಬ್ದಾರ್ಥ

ಆಪತ್ತು – ಕೇಡು, ಸಂಕಟ
ನಸುಕು – ಬೆಳಗಾಗುವ ಮೊದಲಿನ ಹೊತ್ತು
ಮೇಲ್ಮುದ್ದೆ – ಮಣ್ಣಿನಿಂದ ಮಾಡಿದ ಮನೆಯ ಮೇಲ್ಭಾಗ
ನಕಾಶೆ – ನಕ್ಷೆ
ಸುನಾಮಿ – ಹೆಚ್ಚಾಗಿ ಕಡಲ ತಳದ ಭೂಕಂಪದಿಂದ ಏಳುವ ದೊಡ್ಡ ಅಲೆಗಳು
ಕವಾಯತು – ಸಾಲಾಗಿ ಮಾಡುವ ಅಭ್ಯಾಸ
ಆಸರೆ – ಆಧಾರ

ಸ್ವಾಧ್ಯಾಯ

ಅ) ಒಂದು ವಾಕ್ಯದಲ್ಲಿ ಉತ್ತರ ಬರೆಯಿರಿ.
1. ಕಿಲ್ಲಾರಿಯಲ್ಲಿ ಭೂಕಂಪ ಯಾವ ವರ್ಷ ಆಯಿತು?
2. ಕಾಮಾಯಿಶಿಯ ಮಕ್ಕಳಿಗೆ ಸುನಾಮಿಯ ಬಗ್ಗೆ ಕಲಿಸಿದವರು ಯಾರು?
3. ನೆಲ ನಡುಗಿದಾಗ ನೆನಪಿಡಬೇಕಾದ ಮೂರು ಮಾತುಗಳು ಯಾವುವು?

ಆ) ಮೂರು–ನಾಲ್ಕು ವಾಕ್ಯಗಳಲ್ಲಿ ಉತ್ತರ ಬರೆಯಿರಿ.
1. ಕಿಲ್ಲಾರಿಯಲ್ಲಿ ಹೆಚ್ಚು ಜನ ಸಾಯಲು ಕಾರಣಗಳೇನು?
2. ಗೊತ್ತುಮಾಡಿದ್ದ ಜಾಗ ತಲುಪಿದ ಮೇಲೂ ಉನೊಸುಮಾಯ್ ಮಕ್ಕಳು ಏಕೆ ಮುಂದೆ ಹೋದರು?

ಇ) ಕಾರಣ ಕೊಡಿರಿ.
1. ಹೊಗೆ ತುಂಬಿದಾಗ ತೆವಳುತ್ತ ಹೋಗಬೇಕು.
2. ಮೈದಾನದಿಂದ ಹೇಳದೆ ಮನೆಗೆ ಹೋಗಬಾರದು.
3. ಗ್ಯಾಸಿನ ವಾಸನೆ ಬಂದಾಗ ದೀಪದ ಗುಂಡಿ ಮುಟ್ಟಬಾರದು.

ಈ) ಹೊಂದಿಸಿ ಬರೆಯಿರಿ.
1. ಅಗ್ನಿಶಾಮಕ ದಳ – ಅ. 108
2. ಆಂಬುಲೆನ್ಸು – ಆ. 1098
3. ಮಕ್ಕಳ ಸಹಾಯವಾಣಿ – ಇ. 101

ಉ) ವಿರುದ್ಧಾರ್ಥಕ ಶಬ್ದ ಬರೆಯಿರಿ.
ಎತ್ತರ, ದಪ್ಪ, ಭಾರ, ಒಳಗೆ, ಜಾಣ

ಉಪಕ್ರಮ
1. ಗುರುಗಳ ನೆರವಿನಿಂದ ನಿಮ್ಮ ಶಾಲೆಯ ನಕಾಶೆ ಬರೆದು ವರ್ಗದ ಗೋಡೆಗೆ ಹಚ್ಚಿರಿ.
2. ದೊಡ್ಡ ಭೂಕಂಪ, ಬೆಂಕಿ ಅಥವಾ ಮಹಾಪೂರವನ್ನು ಕಂಡ ಹಿರಿಯರೊಬ್ಬರನ್ನು ಭೇಟಿಯಾಗಿರಿ. ಅಂದು ಊರಿನವರು ಒಬ್ಬರಿಗೊಬ್ಬರು ಹೇಗೆ ನೆರವಾದರು ಎಂದು ಕೇಳಿ ಬರೆಯಿರಿ.