ಸತ್ಯವೇದದಲ್ಲಿ ಪರಸ್ಪರ ವಿರೋಧಗಳುಂಟೋ?

ಓದತಕ್ಕ ಭಾಗಗಳು: 2 ಅರಸುಗಳು 8:16–26, 2 ಪೂರ್ವಕಾಲವೃತ್ತಾಂತ 21:20–22:2, ಮತ್ತಾಯ 27:3–10, ಅಪೊಸ್ತಲರ ಕೃತ್ಯಗಳು 1:16–20, ಯಾಕೋಬ 2:14–26.



ಹತ್ತಿಕುಣಿಯಿಂದ ಯಾದಗಿರಿಯ ಪೇಟೆಗೆ ಹೋದ ವಿಶ್ವಾಸಿಯೊಬ್ಬನನ್ನು ಯಾವನಾದರೂ ತಡೆದು, "ನಿಮ್ಮ ವೇದವು ಒಂದು ಕಡೆ ಹೀಗೂ ಮತ್ತೊಂದು ಕಡೆ ಹಾಗೂ ಹೇಳುತ್ತದಲ್ಲಾ; ನೀನು ಯಾವುದನ್ನು ನಂಬುತ್ತೀ?" ಎಂದು ಕೇಳಿದರೆ ಅವನು ಏನು ಹೇಳಬೇಕು? ಇಂಥ ಪ್ರಶ್ನೆಗಳ ಪಟ್ಟಿಗಳು ಈಗ ಮೊಬೈಲಿನ ಮೂಲಕವೂ ನಮ್ಮ ಯೌವನಸ್ಥರ ಕೈಗೆ ಬರುತ್ತವೆ. ಉತ್ತರ ತಿಳಿಯದೆ ನಾಚಿಕೊಂಡವನು ಮೊದಲು ವೇದವನ್ನು ಓದುವುದನ್ನೂ ಬಳಿಕ ಆರಾಧನೆಗೆ ಬರುವುದನ್ನೂ ಬಿಟ್ಟುಬಿಡುವ ಅಪಾಯವುಂಟು. ಆದಕಾರಣ ಕೇಳುವವನನ್ನು ಗದರಿಸದೆ ವೇದವನ್ನೇ ತೆರೆದು ಶೋಧಿಸೋಣ. ಬೆರೋಯದವರು ಪೌಲನ ಬೋಧನೆಯನ್ನೂ ಹಾಗೆಯೇ ಶೋಧಿಸಿದರು; ಅದಕ್ಕಾಗಿ ಲೂಕನು ಅವರನ್ನು ಹೊಗಳಿದ್ದಾನೆಯೇ ಹೊರತು ದೂಷಿಸಲಿಲ್ಲ.

ಒಂದನೆಯದು, ಹೆಸರುಗಳ ವಿಷಯ. ಮೋಶೆಯ ಮಾವನಿಗೆ ವಿಮೋಚನಕಾಂಡದ ಎರಡನೆಯ ಅಧ್ಯಾಯದಲ್ಲಿ ರೆಗೂವೇಲನೆಂದೂ ಮೂರನೆಯದರಲ್ಲಿ ಇತ್ರೋವನೆಂದೂ ಹೆಸರಿದೆ. ಇದು ವಿರೋಧವೋ? ನಮ್ಮ ನೆರೆಯ ರಾಯಚೂರು ಜಿಲ್ಲೆಯ ಮಸ್ಕಿಯನ್ನು ನೆನಸಿರಿ. ಬಂಡೆಗಳ ಮೇಲಿನ ಶಾಸನಗಳಲ್ಲಿ ಅರಸನು ತನ್ನನ್ನು ದೇವಾನಾಂಪ್ರಿಯನೆಂದೂ ಪ್ರಿಯದರ್ಶಿಯೆಂದೂ ಕರೆದುಕೊಂಡಿದ್ದನು. 1915ರಲ್ಲಿ ಮಸ್ಕಿಯಲ್ಲಿ ಸಿಕ್ಕಿದ ಶಾಸನದಲ್ಲಿ ದೇವಾನಾಂಪ್ರಿಯನ ಜೊತೆಗೆ ಅಶೋಕನೆಂಬ ಹೆಸರು ಕಾಣಿಸಿತು; ಹೆಸರುಗಳು ಹಲವಾದರೂ ಅರಸನು ಒಬ್ಬನೇ ಎಂಬುದು ಇದರಿಂದ ದೃಢವಾಯಿತು. ಎರಡು ಹೆಸರುಗಳನ್ನು ಕಂಡ ಮಾತ್ರಕ್ಕೆ ಸುಳ್ಳೆಂದು ಹೇಳುವವನು ಆತುರಪಡುವವನಾಗಿದ್ದಾನೆ.

ಎರಡನೆಯದು, ಸಾಕ್ಷಿಗಳ ವಿಷಯ. ಯೆರಿಕೋವಿನ ಬಳಿ ಇಬ್ಬರು ಕುರುಡರು ದೃಷ್ಟಿ ಹೊಂದಿದರೆಂದು ಮತ್ತಾಯನು ಹೇಳುತ್ತಾನೆ. ಮಾರ್ಕನು ಬಾರ್ತಿಮಾಯನೊಬ್ಬನನ್ನೇ ಹೆಸರಿಸುತ್ತಾನೆ. ಇಬ್ಬರಿದ್ದಲ್ಲಿ ಒಬ್ಬನು ಇದ್ದೇ ಇದ್ದನು. ಒಬ್ಬನು ಮಾತ್ರವೇ ಇದ್ದನೆಂದು ಮಾರ್ಕನು ಬರೆದಿಲ್ಲ. ಇಸ್ಕರಿಯೋತ ಯೂದನು ಉರುಲು ಹಾಕಿಕೊಂಡನೆಂದು ಮತ್ತಾಯನೂ, ಅವನು ಕೆಳಗೆ ಬಿದ್ದು ಹೊಟ್ಟೆ ಒಡೆಯಿತೆಂದು ಅಪೊಸ್ತಲರ ಕೃತ್ಯಗಳೂ ತಿಳಿಸುತ್ತವೆ. ಒಂದು ಪುಸ್ತಕವು ಅವನು ಮಾಡಿಕೊಂಡದ್ದನ್ನೂ ಮತ್ತೊಂದು ಅವನ ದೇಹಕ್ಕೆ ಬಳಿಕ ಆದದ್ದನ್ನೂ ಹೇಳಿರಬಹುದು. ಹೊಲವನ್ನು ಯಾಜಕರು ಕೊಂಡರು, ಹಣವಾದರೋ ಯೂದನದು. ಆದಕಾರಣ ಅದನ್ನು ಅವನೇ ಸಂಪಾದಿಸಿದನೆಂದು ಹೇಳುವುದೂ ಅಸಂಗತವಲ್ಲ.

ಮೂರನೆಯದು, ಪ್ರತಿಮಾಡುವವರ ತಪ್ಪು. ಅಹಜ್ಯನು ಪಟ್ಟಕ್ಕೆ ಬಂದಾಗ 22 ವರುಷದವನೆಂದು ಅರಸುಗಳ ಪುಸ್ತಕದಲ್ಲಿದೆ. ಪೂರ್ವಕಾಲವೃತ್ತಾಂತದ ಇಬ್ರಿಯ ಪ್ರತಿಗಳಲ್ಲಿ 42 ಎಂದಿದೆ. ಇದನ್ನು ನಾವು ಮರೆಮಾಡುವುದಿಲ್ಲ. ಲೆಕ್ಕ ಮಾಡಿ ನೋಡಿರಿ: ಅವನ ತಂದೆ ಯೆಹೋರಾಮನು 32ನೆಯ ವಯಸ್ಸಿನಲ್ಲಿ ಅರಸನಾಗಿ 8 ವರುಷ ಆಳಿ 40ರಲ್ಲಿ ಸತ್ತನು. ಕೂಡಲೇ ಪಟ್ಟಕ್ಕೆ ಬಂದ ಮಗನು ತಂದೆಗಿಂತ ಎರಡು ವರುಷ ದೊಡ್ಡವನಾಗಿರಲಾರನು. ಆದಕಾರಣ 22 ಎಂಬದೇ ಸರಿ. ಪ್ರಾಚೀನ ಸುರಿಯಾನಿ ಭಾಷಾಂತರದಲ್ಲಿಯೂ ಹಾಗೆಯೇ ಇದೆ. ಅಚ್ಚುಕೂಟಗಳಿಲ್ಲದ ಅನೇಕ ಶತಮಾನಗಳಲ್ಲಿ ವೇದವನ್ನು ಕೈಯಿಂದಲೇ ಬರೆದು ಕಾಪಾಡಿದರು. ಬರೆಯುವವನ ಕೈ ತಪ್ಪಿದ್ದುಂಟು. ಆದರೆ ಆ ತಪ್ಪನ್ನು ತೋರಿಸುವ ದೀಪವೂ ಅದೇ ವೇದದಲ್ಲಿ ಉಂಟು. ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಮೊದಲಾದವರ ಪ್ರಯಾಸದಿಂದ 1831ರಲ್ಲಿ ಪೂರ್ಣವಾದ ಕನ್ನಡ ಸತ್ಯವೇದವನ್ನೂ ಬಳಿಕ ಬಂದ ಪಂಡಿತರು ಮೂಲಭಾಷೆಗಳೊಂದಿಗೆ ಹೋಲಿಸಿ ಪರಿಷ್ಕರಿಸಿದರು. ಸತ್ಯವನ್ನು ಪ್ರೀತಿಸುವವರು ತಿದ್ದುವುದಕ್ಕೆ ಅಂಜುವುದಿಲ್ಲ.

ನಾಲ್ಕನೆಯದು, ಬೋಧನೆಯ ವಿಷಯ. ಮನುಷ್ಯನು ನಂಬಿಕೆಯಿಂದಲೇ ನೀತಿವಂತನೆಂದು ಎಣಿಸಲ್ಪಡುತ್ತಾನೆಂದು ಪೌಲನೂ, ಬರೀ ನಂಬಿಕೆಯಿಂದಲ್ಲವೆಂದು ಯಾಕೋಬನೂ ಬರೆದರು. ಇಬ್ಬರೂ ಅಬ್ರಹಾಮನನ್ನೇ ತೋರಿಸುತ್ತಾರೆ. ಪೌಲನು ಆದಿಕಾಂಡ 15ನೆಯ ಅಧ್ಯಾಯದಲ್ಲಿ ಅವನು ದೇವರನ್ನು ನಂಬಿದ್ದನ್ನು ಎತ್ತಿ ಹೇಳುತ್ತಾನೆ. ಯಾಕೋಬನು 22ನೆಯ ಅಧ್ಯಾಯದಲ್ಲಿ ಅವನು ಮಗನನ್ನು ಅರ್ಪಿಸಿದ್ದನ್ನು ಎತ್ತಿ ಹೇಳುತ್ತಾನೆ. ಹತ್ತಿಕುಣಿಯ ಜಲಾಶಯವನ್ನು ನೋಡಿರಿ. ಕಾಲುವೆಯು ನೀರನ್ನು ಹುಟ್ಟಿಸುವುದಿಲ್ಲ. ನೀರು ಮೇಲಿನಿಂದ ಬಂದ ದಾನವೇ. ಆದರೆ ತೂಬು ತೆರೆದಾಗ ಕಾಲುವೆಯಲ್ಲಿ ಒಂದು ಹನಿಯೂ ಹರಿಯದಿದ್ದರೆ, ಕೆರೆಯು ತುಂಬಿದೆಯೆಂದು ಹೇಳಿಕೊಳ್ಳುವವನನ್ನು ಯಾವ ರೈತನು ನಂಬುವನು? ಪೌಲನು ನೀರು ಎಲ್ಲಿಂದ ಬಂತೆಂದು ಹೇಳುತ್ತಾನೆ. ಯಾಕೋಬನು ನೀರು ಇದ್ದದ್ದು ನಿಜವೋ ಎಂದು ಕೇಳುತ್ತಾನೆ.

ಇಷ್ಟು ಹೇಳಿದ ಮೇಲೂ ಕೆಲವು ಪ್ರಶ್ನೆಗಳು ಉಳಿಯುತ್ತವೆ. ಕುರುಡನು ಕೂಗಿದ್ದು ಯೇಸು ಯೆರಿಕೋವಿನಿಂದ ಹೊರಡುವಾಗ ಎಂದು ಮಾರ್ಕನೂ, ಸಮೀಪಿಸುವಾಗ ಎಂದು ಲೂಕನೂ ಬರೆದಿದ್ದಾರೆ. ಹಲವರು ಹಲವು ಸಮಾಧಾನಗಳನ್ನು ಹೇಳಿದ್ದಾರೆ. ಯಾವುದೂ ನಿಶ್ಚಯವೆಂದು ನಾವು ಸಾಧಿಸಲಾರೆವು. ಹಾಗೆಂದು ಅಂಜಬೇಕೋ? 1858ರಲ್ಲಿ ಸುರಪುರದ ರಾಜಾ ವೆಂಕಟಪ್ಪ ನಾಯಕನು ಸೆರೆಯಲ್ಲಿದ್ದು ಗುಂಡೇಟಿನಿಂದ ಸತ್ತನು. ಅವನು ತಾನೇ ಹೊಡೆದುಕೊಂಡನೆಂದು ಮೆಡೋಸ್ ಟೇಲರನು ಬರೆದನು. ಆಂಗ್ಲರೇ ಕೊಂದರೆಂದು ನಮ್ಮ ನಾಡಿನ ಅನೇಕರು ಹೇಳುತ್ತಾರೆ. ಈ ಭೇದದ ನಿಮಿತ್ತ ಅಂಥ ಅರಸನೇ ಇರಲಿಲ್ಲವೆಂದು ಯಾವನೂ ಹೇಳಲಿಲ್ಲ. ಹಾಗೆಯೇ ಸಮಾಧಿಗೆ ಬಂದ ಸ್ತ್ರೀಯರು ಎಷ್ಟು ಮಂದಿ, ಕಾಣಿಸಿದ ದೂತರು ಎಷ್ಟು ಮಂದಿ ಎಂಬಲ್ಲಿ ನಾಲ್ಕು ಸುವಾರ್ತೆಗಳ ಮಾತು ಬೇರೆ ಬೇರೆಯಾಗಿದ್ದರೂ, ಕ್ರಿಸ್ತನು ಸತ್ತನು, ಸಮಾಧಿ ಬರಿದಾಯಿತು, ಆತನು ಎದ್ದನು ಎಂಬಲ್ಲಿ ನಾಲ್ಕೂ ಒಂದೇ. ಕೂಡಿ ಕಟ್ಟಿದ ಕಥೆಯಾಗಿದ್ದರೆ ಈ ಭೇದಗಳನ್ನು ಅವರು ಮೊದಲೇ ಅಳಿಸಿಬಿಡುತ್ತಿದ್ದರಲ್ಲವೇ?

ಕಡೆಯದಾಗಿ, ಉತ್ತರ ಕೊಡುವ ರೀತಿ. ಮೂರ್ಖನಿಗೆ ಉತ್ತರ ಕೊಡಬೇಡವೆಂದೂ ಕೊಡು ಎಂದೂ ಜ್ಞಾನೋಕ್ತಿಗಳು 26ನೆಯ ಅಧ್ಯಾಯದ 4, 5ನೆಯ ವಚನಗಳು ಒತ್ತಿಗೊತ್ತಾಗಿ ಹೇಳುತ್ತವೆ. ಬರೆದವನು ಮರೆತು ಹೀಗೆ ಬರೆದನೋ? ಇಲ್ಲ, ಸಮಯವನ್ನೂ ಮನುಷ್ಯನನ್ನೂ ನೋಡಿ ನಡೆಯಬೇಕೆಂದು ಕಲಿಸುತ್ತಾನೆ. ಜಗಳಕ್ಕಾಗಿ ಕೇಳುವವನೊಡನೆ ಮೌನವೇ ಲೇಸು. ತಿಳಿಯಬೇಕೆಂದು ಕೇಳುವವನೊಡನೆ ಕೂತು ಓದಿರಿ. ಉತ್ತರ ಗೊತ್ತಿಲ್ಲದಿದ್ದರೆ "ಗೊತ್ತಿಲ್ಲ, ಕೇಳಿ ಹೇಳುವೆನು" ಎಂದು ನಿರ್ವಂಚನೆಯಿಂದ ಹೇಳಿರಿ. ಸುಳ್ಳು ಉತ್ತರದಿಂದ ಸತ್ಯವೇದವನ್ನು ಕಾಪಾಡಲು ಯತ್ನಿಸುವವನು ಅದನ್ನು ಅವಮಾನಪಡಿಸುತ್ತಾನೆ.

ಸಭೆಯಲ್ಲಿ ಕೇಳತಕ್ಕ ಪ್ರಶ್ನೆಗಳು: 1. ಅಹಜ್ಯನ ವಯಸ್ಸು 22 ಎಂಬುದನ್ನು ವೇದದಿಂದಲೇ ಹೇಗೆ ತೋರಿಸುವಿರಿ? 2. ಪೌಲನಿಗೂ ಯಾಕೋಬನಿಗೂ ವಿರೋಧವಿಲ್ಲವೆಂಬುದು ಅಬ್ರಹಾಮನ ಜೀವಿತದಿಂದ ಹೇಗೆ ತಿಳಿಯುತ್ತದೆ? 3. ನಮ್ಮ ನಂಬಿಕೆಯ ನೀರು ಈ ವಾರ ಯಾರ ಹೊಲಕ್ಕೆ ಹರಿಯಿತು?